ನಾಲಿಗೆ ಹಿಡಿಯುವ ಮಣ್ಣು

ಅಡಿಯ ಮುದ್ರೆ ನೋಡಬೇಡ ಮೋಳೇ,
ಮುದ್ರೆ ಯಾರು ಬೇಕಾದರೂ ಒತ್ತುತ್ತಾರೆ,
ಎಂದರು ವಿರಾಜಪೇಟೆಯ ಗುಜರಿ ಅಯಮ್ಮಾಕ,
ಡಚ್ಚರ ತಟ್ಟೆಯನ್ನು ಕಿಟಕಿಯ ಬೆಳಕಿಗೆ ವಾಲಿಸುತ್ತ.

ಉಗುರಲ್ಲಿ ತಟ್ಟಿದರು. ಪಿಂಗಾಣಿಯಾದರೆ ಕಿಣಿ ಎನ್ನುತ್ತಿತ್ತು;
ಇದು ಒದ್ದೆ ಹಲಗೆಯಂತೆ
ಟಕ್ ಎಂದು ಸುಮ್ಮನಾಯಿತು.
ಬೆನ್ನಲ್ಲಿ ಮೂರು ಗುಳಿ, ಭಟ್ಟಿಯೊಳಗೆ ಮೊಳೆಗಳ ಮೇಲೆ ಕೂತದ್ದಕ್ಕೆ.
ನೀಲಿ ನೋಡು, ಅಂಚಲ್ಲಿ ಕದಡಿದೆ:
ತವರದ ಹಸಿ ಬಿಳುಪು ಎಳೆದ ಗೆರೆಯನ್ನು ಕುಡಿದುಬಿಡುತ್ತದೆ,
ತಿದ್ದಲು ಬಿಡುವುದಿಲ್ಲ.
ದೋಣಿಯವನ ಒಂದು ಕೈ ಅದಕ್ಕೇ ಉದ್ದ.

ಕೊನೆಗೆ ಚಕ್ಕೆಯೆದ್ದ ಅಂಚನ್ನು ನನ್ನತ್ತ ಹಿಡಿದು
ನೆಕ್ಕು, ಎಂದರು.
ಬಿಸ್ಕತ್ತಿನ ಬಣ್ಣದ ಮಣ್ಣು
ನಾಲಿಗೆಯನ್ನು ಹಿಡಿದುಕೊಂಡಿತು.
ಅಸಲಿ. ಮುನ್ನೂರು ವರ್ಷದ ಬಾಯಾರಿಕೆ.

ಇನ್ನು ಕಾಗದಕ್ಕೆ ಬರೆಯಬೇಕಲ್ಲ,
ಯಾರದು, ಹೇಗೆ ಬಂತು?

ಅಜ್ಜ ಇನಾಸ್, ಪಾಲಿಬೆಟ್ಟದ ಬಂಗಲೆಯ ಬಟ್ಲರ್,
ದೊರೆಸಾನಿ ಹಡಗು ಹತ್ತುವ ವಾರ ಕೊಟ್ಟಳು ಎನ್ನುತ್ತಿದ್ದ.
ಒಮ್ಮೆ ಕ್ರಿಸ್ಮಸ್ಸಿಗೆ ಎಂದ.
ಇನ್ನೊಮ್ಮೆ, ಮುಕ್ಕಾಯಿತೆಂದು ಎಸೆದಳು ಎಂದ.
ಅದರಲ್ಲಿ ಮಾತ್ರ ಒಂದು ದಿನವೂ ಉಣ್ಣಲಿಲ್ಲ;
ಅಕ್ಕಿ ಡ್ರಮ್ಮಿನ ತಳದಲ್ಲಿ ಹೂತಿಟ್ಟಿದ್ದ.

ಅಯಮ್ಮಾಕ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು.
ನನ್ನ ನಾಲಿಗೆ ಇನ್ನೂ
ಆ ಮಣ್ಣಲ್ಲೇ ಇತ್ತು.