ಬಿಚ್ಚುವ ಕೆಲಸ

ಮೋದಿನಬಿಯ ಮೊಣಕಾಲಿನಲ್ಲಿ ಸವೆಯದೆ ಉಳಿದದ್ದು
ಹೆಬ್ಬೆರಳಿನ ಉಗುರಿನಷ್ಟು.
ಎಳೆಗೊಬ್ಬರಿಯ ಬಿಳುಪು, ಅಂಚಿಗೆ ತುಸು ಹಳದಿ.
ಕೌಲ್ ಬಜಾರಿನಲ್ಲಿ ಇಪ್ಪತ್ತೆಂಟು ವರ್ಷ
ಜೀನ್ಸಿಗೆ ಜೇಬು ಹೊಲಿದ ಕಾಲು.
ಆಪರೇಷನ್ ಕೋಣೆಗೆ ಅದು ಕಸ,
ನನಗೆ ಮೂರು ಪಾಲು.

ಸಾಸಿವೆಗಿಂತ ತುಸು ದಪ್ಪ ಕೊಚ್ಚಬೇಕು, ಆಮೇಲೆ ಕಿಣ್ವ.
ಮೃದ್ವಸ್ಥಿಯ ಜೀವಕೋಶ
ತಾನೇ ನೇಯ್ದ ಬಲೆಯೊಳಗೆ ಒಂಟಿ ಕೂತಿರುತ್ತದೆ.
ಬಲೆ ಕರಗಬೇಕು, ಕೂತದ್ದು ಕರಗಬಾರದು.
ಇಷ್ಟೇ ನನ್ನ ನೌಕರಿ.

ಒಂದಕ್ಕೆ ಗಟ್ಟಿ ಕಿಣ್ವ, ಎರಡೇ ತಾಸು.
ಇನ್ನೊಂದಕ್ಕೆ ತೆಳು, ರಾತ್ರಿಯಿಡೀ.
ಮೂರನೇದಕ್ಕೆ ಏನೂ ಹಾಕದೆ ತಟ್ಟೆಯಲ್ಲಿ ಹರಡಿದೆ,
ಬರುವುದಿದ್ದರೆ ತಾವಾಗಿ ತೆವಳಿ ಬರಲಿ.
ಹೊರಗೆ ನಲವತ್ತೆರಡು, ಪೆಟ್ಟಿಗೆಯೊಳಗೆ ಮೂವತ್ತೇಳು;
ಬಳ್ಳಾರಿಯ ಮೇ ತಿಂಗಳಲ್ಲಿ
ಮೈಯ ಬಿಸಿಯೇ ತಂಪು.

ತಮ್ಮ ಎರ್ರಿಸ್ವಾಮಿ ವಾಷಿಂಗ್ ಯೂನಿಟ್ಟಿನಲ್ಲಿದ್ದಾನೆ.
‘ನಮ್ದೂ ಕಿಣ್ವದ್ದೇ ಕೆಲ್ಸ ಅಕ್ಕ,
ಜಾಸ್ತಿ ಬಿಟ್ರೆ ಬಣ್ಣಾನೂ ಹೋಗ್ತದೆ, ಪ್ಯಾಂಟೂ ಹೋಗ್ತದೆ.’
ಅವನ ಡ್ರಮ್ಮಿನಿಂದ ನೀಲಿ ಹೊರಗೆ ಹರಿಯುತ್ತದೆ.
ನನ್ನ ಗಾಜಿನ ಮೇಲೆ ಸತ್ತವು ನೀಲಿ ಕುಡಿಯುತ್ತವೆ,
ಬದುಕಿದ್ದು ಬೇಡವೆನ್ನುತ್ತದೆ.
ಹಾಗೆ ಎಣಿಸುತ್ತೇನೆ.

ಎರಡು ತಾಸಿನದೇ ಹೆಚ್ಚು ಬಂತು. ಡಾಕ್ಟರು ಖುಷಿ.
ಮೂರನೇ ವಾರಕ್ಕೆ ಅವೇ
ಉದ್ದಕ್ಕೆ ಚಾಚಿ, ಕದಿರಿನಂತೆ ಚೂಪಾಗಿ
ಕಸುಬು ಮರೆತವು.
ಗಾಜಿನಂಥ ಹಾಸು ನೇಯಬೇಕಾದವು
ಗಾಯದ ಹಗ್ಗ ಹೊಸೆಯುತ್ತಾ ಕೂತವು.
ರಾತ್ರಿಯಿಡೀ ನೆನೆದದ್ದು ಕಡಿಮೆ, ಆದರೆ ದುಂಡಗೆ;
ಮೈಗೆ ಹಳೇ ಬಲೆಯ ಚೂರು ಇನ್ನೂ ಅಂಟಿಸಿಕೊಂಡು
ಜೆಲ್ಲಿನ ಗುಂಡಿನೊಳಗೆ ಮೆಲ್ಲಗೆ ಕೆಲಸ ಹಿಡಿದವು.
ಮೂರನೇ ತಟ್ಟೆ?
ಕರೆಂಟು ಹೋದ ಭಾನುವಾರ ಬೂಸು ಹಿಡಿಯಿತು.

ತಪಾಸಣೆಗೆ ಬಂದ ಮೋದಿನಬಿ
ಊರುಗೋಲು ಗೋಡೆಗೆ ಒರಗಿಸಿ ಕೇಳಿದಳು.
ಮೂರೂ ಕಥೆ ಹೇಳಿದೆ.
‘ಹೊಲಿಗೆ ಬಿಚ್ಚೋದು ಹಂಗೇ ಅಲ್ಲೇನಮ್ಮ,
ಜರ್ರಂತ ಎಳೆದ್ರೆ ದಾರ ಬರ್ತದೆ, ಬಟ್ಟೇಲಿ ತೂತು ಉಳೀತವೆ.
ಹೊಸ ಹುಡುಗೀರಿಗೆ ನಾನು ಮೊದ್ಲು ಬಿಚ್ಚೋದೇ ಕಲಿಸ್ತಿದ್ದೆ,
ಹೊಲಿಯೋದು ಆಮೇಲೆ.’

ಕಣ್ಣು ಕೊಳವೆಗೆ ಇಟ್ಟಳು. ಬಹಳ ಹೊತ್ತು.
‘ಇವು ನನ್ನ ಕಾಲಿಗೆ ವಾಪಸ್ ಬರ್ತಾವೇನು?’
ಇಲ್ಲ, ಅಂದೆ. ಅಲ್ಲಿ ಈಗ ಲೋಹವಿದೆ.
ಮುಂದೆ ಯಾರಿಗಾದರೂ, ಯಾವತ್ತೋ.
ಕಣ್ಣು ಬದಲಿಸಿ ಮತ್ತೆ ಬಗ್ಗಿದಳು.
‘ಅಗಾ, ಒಂದು ಅಲ್ಲಾಡ್ತು!’

ಅಲ್ಲಾಡಿದ್ದು ಮೇಜು.
ರಸ್ತೆಯಲ್ಲಿ ಅದಿರಿನ ಲಾರಿ ಹೋಗಿತ್ತು.
ನಾನು ಹೇಳಲಿಲ್ಲ.