ಇಲ್ಲ ಬೇರೆ, ಅಲ್ಲ ಬೇರೆ

ಸಾಲಗಾಮೆ ರಸ್ತೆ, ಕನ್ನಡಕದಂಗಡಿಯ ಮಹಡಿ.
ನನ್ನ ಕೆಲಸ, ಅಳೆಯುವುದನ್ನು ಅಳೆಯುವುದು.
ಪ್ರೋಗ್ರಾಮಿನ ಯಾವ ಮೂಲೆ ಎಷ್ಟು ಹೊತ್ತು ನುಂಗಿತು
ಎಂದು ಲೆಕ್ಕ ಒಪ್ಪಿಸುವ ಉಪಕರಣವೊಂದಿದೆ;
ಆ ಲೆಕ್ಕಿಗನ ಲೆಕ್ಕ ನಾನು ನೋಡುತ್ತೇನೆ.

ಇವತ್ತು ಹದಿನೇಳು ಪರೀಕ್ಷೆ ಕೆಂಪು.
ಬೆಳಿಗ್ಗೆಯಿಂದ ಬೈದೆ. ಕಾಫಿ ಆರಿತು.
ಸಂಜೆ ತಿಳಿಯಿತು, ಕೆಟ್ಟಿಲ್ಲ ಏನೂ.
ಕಟ್ಟುವಾಗ ಒಂದು ಲೈಬ್ರರಿ ಸಿಗದೆ
ಅದಿಲ್ಲದೆಯೇ ಕಟ್ಟಿಬಿಟ್ಟಿದ್ದಾರೆ,
ಇಂಗಿಲ್ಲದಿದ್ದರೂ ಸಾರು ಸಾರೇ ಎನ್ನುವ ಹಾಗೆ.
ನಾನೋ ಇಂಗಿನ ವಾಸನೆ ಎಲ್ಲಿ ಎಂದು
ಪಾತ್ರೆಯ ತಳ ಕೆರೆಯುತ್ತಿದ್ದೆ.

ಕೆಳಗಿಳಿದೆ.
ಧರಣೇಂದ್ರಯ್ಯನವರ ಅಂಗಡಿಯಲ್ಲಿ
ದುದ್ದದ ಹೊಂಬಾಳಮ್ಮ. ಬಿತ್ತನೆ ಆಲೂಗಡ್ಡೆಗೆಂದು ಬಂದವಳು,
ಕಾಲ ಬುಡದಲ್ಲಿ ಮಡಿಚಿದ ಗೋಣಿಚೀಲ.
'ಮೇಲಿನ ಸಾಲು ಓದಮ್ಮ.'
'ಓದಕ್ಕೆ ಬರಾಕಿಲ್ಲ ಕಣಣ್ಣ.'
'ಕಾಣಲ್ವಾ?'
'ಕಾಣ್ತದೆ. ಬರಾಕಿಲ್ಲ.'

ಅವರು ಹಲಗೆ ತಿರುಗಿಸಿದರು.
ಹಿಂಬದಿಗೆ ಅಕ್ಷರವಿಲ್ಲ, ಮೂರು ತಾಳಿನ ಕೂರಿಗೆಯಂಥ ಗುರುತು,
ಒಮ್ಮೆ ಎಡಕ್ಕೆ, ಒಮ್ಮೆ ಮೇಲಕ್ಕೆ,
ಸಾಲಿಂದ ಸಾಲಿಗೆ ಕಿರಿದಾಗುತ್ತ.
'ತಾಳು ಯಾವ ಕಡೆ, ಕೈಯಲ್ಲಿ ತೋರಿಸು.'
ಬಲಗಣ್ಣು ಕಡೆಯ ಸಾಲಿನ ತನಕ ಸಲೀಸು.

ಮಿಕ್ಕದ್ದು ನೋಡದೆ ಮೇಲೆ ಓಡಿದೆ.
ಪ್ರತಿ ಪರೀಕ್ಷೆಯ ನೆತ್ತಿಗೆ ಒಂದು ಸಾಲು ಬರೆದೆ:
ಮೊದಲು ಕೇಳು, ನಿನ್ನೊಳಗೆ ಅದು ಇದೆಯಾ?
ಇಲ್ಲವೆಂದರೆ 'ಎರಡು' ಎಂದು ಹೇಳಿ ಹೊರಡು.
ಸೊನ್ನೆ ಪಾಸು, ಒಂದು ಫೇಲು,
ಎರಡು, ಬಿಟ್ಟ ಸ್ಥಳ.
ಕನ್ನಡಕ್ಕೆ ಈ ಅಂಕಿಯ ಹಂಗಿಲ್ಲ.
ಇಲ್ಲ ಬೇರೆ, ಅಲ್ಲ ಬೇರೆ,
ಒಂದನೇ ಕ್ಲಾಸಿನ ಮಗುವೂ ಬೆರೆಸದು.
ನಾನು ಬೆರೆಸಿದ್ದೆ, ಬೆಳಗಿಂದ.

ಕೆಂಪೆಲ್ಲ ಹಳದಿ. ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ
ರುಬೀನಾಳ ಫೋನು:
'ನನ್ನದರಲ್ಲಿ ಆ ಲೈಬ್ರರಿ ಇದೆಯಲ್ಲೇ,
ಇಲ್ಲೂ ಯಾಕೆ ಹದಿನೇಳು ಹಳದಿ?'

ಹೆಸರಲ್ಲಿ ಒಂದಕ್ಷರ ತಪ್ಪಿದ್ದೆ.
ಯಾರದೋ ಹೆಸರು ಹಿಡಿದು ಬಾಗಿಲಲ್ಲಿ ಕೂಗಿದರೆ
ಮನೆ ತುಂಬ ಜನವಿದ್ದೂ
ಇಲ್ಲ ಎಂದೇ ಉತ್ತರ.

ಶಟರ್ ಎಳೆಯುತ್ತ ಧರಣೇಂದ್ರಯ್ಯ ಹೇಳಿದರು,
'ಎಡಗಣ್ಣಿಗೆ ಕೈ ಎತ್ತಲೇ ಇಲ್ಲ ಆಯಮ್ಮ.
ಓದು ಬರಲ್ಲ ಅಂತ ಅಲ್ಲಿಗೇ ಬಿಟ್ಟಿದ್ದರೆ
ಪೊರೆ ಕೂತಿರೋದು ಗೊತ್ತಾಗ್ತಿರಲಿಲ್ಲ.'
ಜಿಲ್ಲಾಸ್ಪತ್ರೆಗೆ ಚೀಟಿ ಬರೆದಿದ್ದಾರೆ.
ಚೀಟಿ ಓದಲಾರಳಲ್ಲ,
ಬಾಯಲ್ಲೂ ಎರಡು ಸಲ ಹೇಳಿ ಕಳಿಸಿದ್ದಾರೆ:
ಗುರುವಾರ, ಗುರುವಾರ.

ಅಕ್ಷರ ತಿದ್ದಿದೆ.
ನನ್ನಲ್ಲಿ ಹಳದಿ ಹಾಗೇ ಇತ್ತು, ಇರಲಿ.
ರುಬೀನಾಳಲ್ಲಿ ಹದಿನಾರು ಹಸಿರು, ಒಂದು ಕೆಂಪು.
ಆ ಒಂದರೆದುರು
ಕುರ್ಚಿ ಎಳೆದುಕೊಂಡು ಕೂತೆ.