ಝಳದ ವಹಿ

ಚಿಂಚೋಳಿಯಿಂದ ಹೊರಟಾಗ ಚೀಲದಲ್ಲಿ
ನಲವತ್ತು ಓಆರ್‌ಎಸ್ ಪೊಟ್ಟಣ, ಎರಡು ಥರ್ಮಾಮೀಟರು,
ಸುತ್ತಿಟ್ಟ ಒಂದು ಚಾರ್ಟು.
ಅದರ ನೆತ್ತಿಯ ಮೇಲೆ ದಪ್ಪಕ್ಷರ: ಉಷ್ಣಾಘಾತ.

ಗೇಮು ನಾಯಕ ತಾಂಡಾದ ಬೇವಿನ ಕೆಳಗೆ
ಬಿಚ್ಚಿ ಹಿಡಿದೆ. ಹೆಂಗಸರು ನೋಡಿದರು,
ಚಾರ್ಟನ್ನಲ್ಲ, ನನ್ನ ಬೆವರನ್ನು.
ಘಮಲಿಬಾಯಿ ತಂಬಿಗೆ ಮುಂದಿಟ್ಟಳು:
"ಮೊದಲ ನೀ ಕುಡಿಯವ್ವಾ. ಆಮ್ಯಾಲ ನಮಗ ಕಲಸು."

ಕುಡಿದೆ. ಕಲಿಸಿದೆ.
ತೆಳು ಬಟ್ಟೆ ಉಡಿ, ಅಂದೆ.
ಆಕೆಯ ಫೇಟಿಯಾದ ಕನ್ನಡಿಗಳಲ್ಲಿ
ಎಣಿಸಲಾಗದಷ್ಟು ಸಣ್ಣ ಸಣ್ಣ ಸೂರ್ಯ.
ಬಳೆ ಇಳಿಸಿ, ಅಂದೆ, ತೋಳಿಗೆ ಗಾಳಿಯಾಡಲಿ.
ಹೆಗಲತನಕ ಏರಿದ ಬಿಳಿಬಳೆಗಳು
ಒಮ್ಮೆಲೇ ಸದ್ದು ನಿಲ್ಲಿಸಿದವು.
"ಇವು ಇಳಿಯೋ ದಿನಾನೇ ಬ್ಯಾರೆ ಅದ."
ಅವಳ ಗಂಡ ಅಲ್ಲೇ, ಮರದಾಚೆ,
ಬೀಡಿಗೆ ಬೆಂಕಿ ಹಚ್ಚುತ್ತಿದ್ದ.

ಚಾರ್ಟು ಸುತ್ತಿಟ್ಟೆ.
ನಿಮ್ಮಲ್ಲಿ ಇದಕ್ಕೆ ಏನಂತೀರಿ?
"ತಾವಡೋ," ಅಂದಳೊಬ್ಬಳು.
"ಅದು ಬರೇ ಬಿಸಲ," ಇನ್ನೊಬ್ಬಳು.
ಬಿಸಿಲಿಗೆ ಹೆಸರಿದೆ, ಸೆಕೆಗೆ ಹೆಸರಿದೆ,
ರಾತ್ರಿ ಮೂರಕ್ಕೂ ಪತ್ರಾ ಆರದ ಇದಕ್ಕೆ?
"ಇದು ಹೊಸಾದು. ಇನ್ನಾ ಹೆಸರಿಟ್ಟಿಲ್ಲ."
ತೊಟ್ಟಿಲಕ ಹಾಕಬೇಕಲ್ಲ ಮೊದಲು,
ಯಾರೋ ಅಂದರು, ಎಲ್ಲ ನಕ್ಕರು.

ಪೋಮ್ಲಿ ನಗಲಿಲ್ಲ.
ಹೋದ ಬೇಸಿಗೆ ಅವಳ ಅಣ್ಣ ಠಾವರು
ಪುಣೆಯ ಐಸ್ ಫ್ಯಾಕ್ಟರಿಯಿಂದ ಮರಳಿದ ಮೂರನೇ ದಿನ
ಫರಸಿ ಖಣಿಗೆ ಹೋದ.
ಮಧ್ಯಾಹ್ನ ಎರಡಕ್ಕೆ ತೊದಲಿದ, ತೂರಾಡಿದ,
ಇಲ್ಲದ ಯಾರನ್ನೋ ಬೈದ.
ಕುಡದಾನ, ಮಲಗಲಿ ಬಿಡು,
ಲಾರಿಯ ನೆರಳಿಗೆ ಹಾಕಿದರು.
ನೆರಳು ಸರಿಯಿತು.
ಅವನು ಸರಿಯಲಿಲ್ಲ.

"ನಮ್ಮಣ್ಣ ಕುಡೀತಿದ್ದಿಲ್ರಿ ಸಿಸ್ಟರ್.
ಅದನ್ನ ನಿಮ್ಮ ಚಾರ್ಟಿನ್ಯಾಗ ಬರೀರಿ."

ಚಾರ್ಟಿನಲ್ಲಿ ಜಾಗವಿರಲಿಲ್ಲ.
ಹಿಂದಿನ ಬಿಳಿ ಬದಿಗೆ ಬರೆದೆ:
ತೊದಲಿದರೆ ಬಾಯಿ ಮೂಸಬೇಡಿ, ಹಣೆ ಮುಟ್ಟಿ.
ಕೊಡ ಮೈಮೇಲೆ ಸುರುವಿ. ಎಚ್ಚರವಿಲ್ಲದ ಬಾಯಿಗೆ ಬೇಡ.
ಒಬ್ಬರು ಸುರುವುವಾಗ ಇನ್ನೊಬ್ಬರು ಗುಡ್ಡಕ್ಕೆ ಓಡಿ,
ಸಿಗ್ನಲ್ ಸಿಗುವುದು ಅಲ್ಲೇ.
ಹೊರಗಿನಿಂದ ಬಂದ ಮೈಗೆ ವಾರವಾದರೂ
ಮುಂಜಾನೆಯ ಕೆಲಸ ಸಾಕು.

ಆಮೇಲೆ ವಹಿ ತೆಗೆದೆ. ಅಂಕಣಗಳು ತಯಾರಿದ್ದವು:
ವಯಸ್ಸು, ಬಿಪಿ, ಸಕ್ಕರೆ.
ಝಳ ಮೊದಲು ಯಾರಿಗೆ ಬಡಿಯುತ್ತೆ, ಹೇಳಿ.
ಅವರ ಲೆಕ್ಕ ಬೇರೆ.
ಝಮಕಿ: ಬಯಲಿಗೆ ಹೋಗಲು ಕತ್ತಲಾಗಬೇಕು,
ಅದಕ್ಕೇ ಹಗಲೆಲ್ಲ ನೀರು ಮುಟ್ಟುವುದಿಲ್ಲ.
ಲಾಲು: ಮಾತು ಬರದವ, ಬಾಯಾರಿದರೂ ಕೇಳುವುದಿಲ್ಲ.
ಹೂನಾಬಾಯಿ: ಒಳಗಿನಿಂದ ಅಗಳಿ ಹಾಕಿ ಮಲಗುವವಳು.
ಬಸುರಿಯರು ಮೂವರು,
ಮೂರನೆಯವಳ ಹೆಸರು ಘಮಲಿ
ನನ್ನ ಕಿವಿಗಷ್ಟೇ ಹೇಳಿದಳು.

"ಎರಡಕ್ಕ ನಾ ಬಾಗಲಾ ಬಡೀತೀನಿ,"
ಅಂದಳು ಪೋಮ್ಲಿ. "ದಿನಾ."

ಮತ್ತೆ ಹೋದದ್ದು ಏಪ್ರಿಲ್ ಕೊನೆಗೆ.
ಫೋನಿನಲ್ಲಿ ನಲವತ್ನಾಲ್ಕು.
ಪತ್ರಾಗಳ ಮೇಲೆ ತೊಗರಿ ಕಟ್ಟಿಗೆಯ ಹೊರೆ,
ಒಲೆಗೆಂದು ಇಟ್ಟದ್ದನ್ನು ಮೇಲೇರಿಸಿದ್ದರು.
(ಒಲೆಗೇನು ಹಾಕುತ್ತಾರೋ, ನಾನು ಕೇಳಲಿಲ್ಲ.)
ಘಮಲಿಬಾಯಿಯ ಬಳೆಗಳು ಇದ್ದಲ್ಲೇ ಇದ್ದವು,
ಅವುಗಳ ಸುತ್ತ ಒದ್ದೆ ಅರಿವೆ,
ಹರವಿಗೆ ಸುತ್ತುತ್ತಾರಲ್ಲ, ಹಾಗೆ.

ಅಂಗನವಾಡಿಯ ಗೋಡೆಗೆ ಒರಗಿ ಕೂತೆ.
ಅಕ್ಷರಗಳು ಯಾಕೋ ಎರಡೆರಡಾಗಿ ಕಂಡವು.
ಎರಡು ಗಂಟೆ.
ಬಾಗಿಲು ಬಡಿದ ಸದ್ದು.
ಪೋಮ್ಲಿ, ಕೈಯಲ್ಲಿ ಕೊಡ, ಕಂಕುಳಲ್ಲಿ ವಹಿ.
ಕೊನೆಯ ಸಾಲು ಬೇರೆ ಯಾರದೋ ಕೈಬರಹ:
ಸಿಸ್ಟರ್. ದೂರದಿಂದ ನಡೆದು ಬರುತ್ತಾಳೆ.
ಕೇಳದೆ ನೀರು ಕುಡಿಯುವುದಿಲ್ಲ.